ಅಜ್ಜಿಯ ಮಾತು ರಾತ್ರಿ ಯಾರಿಗೆ ತಿಳಿಯುತ್ತೆ?

ನಾವೆಲ್ಲ ಬೆಂಗಳೂರು, ಪುಣೆ, ಗಲ್ಫ್ ಅಂತ ಊರು ಬಿಟ್ಟಾಯ್ತು. ಒಬ್ಬರೇ ಉಳಿದ ಹಿರಿಯರಿಗೆ ಈಗ ಎರಡು ದಾರಿ ಕಾಣ್ತಿದೆ: ಎಂಟು-ಹತ್ತು ಜನರ ಸಣ್ಣ ಆರೈಕೆ ಮನೆ, ಇಲ್ಲವೇ ದೊಡ್ಡ ಊರಿನ ಅಸಿಸ್ಟೆಡ್ ಲಿವಿಂಗ್.

ಅಸಿಸ್ಟೆಡ್ ಲಿವಿಂಗ್‌ನಲ್ಲಿ ಸ್ವಂತ ಕೋಣೆ, ಕರೆಗಂಟೆ, ಊಟದ ಹಾಲ್ ಇರುತ್ತೆ. ಎದ್ದು ಓಡಾಡುವವರಿಗೆ, ಸ್ನಾನಕ್ಕೋ ಗುಳಿಗೆಗೋ ಕೈಯಾಸರೆ ಸಾಕೆನ್ನುವವರಿಗೆ ಒಳ್ಳೆಯದೇ. ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ತಾರಾ? ಡೆಪಾಸಿಟ್ ಕಟ್ಟುವ ಮೊದಲು ಕರಾರುಪತ್ರ ಓದಿ.

ಮರೆವಿನ ಕಾಯಿಲೆಯಿದ್ದರೆ ನಾವು ಸಣ್ಣ ಮನೆಯನ್ನೇ ಹೇಳ್ತೇವೆ, ಅಲ್ಲಿ ಕನ್ನಡ ಬಲ್ಲವರಿದ್ದರೆ ಮಾತ್ರ. ಡಿಮೆನ್ಷಿಯಾದಲ್ಲಿ ಹಲವರಿಗೆ ಆಮೇಲೆ ಕಲಿತ ಭಾಷೆಯೇ ಮೊದಲು ಜಾರಿಹೋಗುತ್ತೆ. ಅಕ್ಕಲಕೋಟೆ ಪೇಟೆಯಲ್ಲಿ 50 ವರ್ಷ ಸಲೀಸಾಗಿ ಮರಾಠಿ ಆಡಿದ ಅಜ್ಜಿ, ನಡುರಾತ್ರಿ ಪುಣೆಯ ಆಯಾಗೆ "ಎದಿ ಹಿಂಡ್ಲಿಕತ್ತದ" ಅಂದರೆ ಏನು ಗತಿ? ಹಗಲು ಮ್ಯಾನೇಜರ್ ನಾಲ್ಕು ಮಾತು ಕನ್ನಡ ಆಡಿದರೆ ಮರುಳಾಗಬೇಡಿ (ಅವರ ಕೆಲಸವೇ ಅದು). ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಯಾವ ಭಾಷೆಯವರು, ಅದನ್ನು ಕೇಳಿ. ಸಾಧ್ಯವಾದರೆ ಊಟದ ನಂತರ ಹೋಗಿ ಕಣ್ಣಾರೆ ನೋಡಿ.

ಕಾಸರಗೋಡಿನವರೇ, ಇನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು ಅನಿಸಿದರೆ ಮೊದಲು ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ವಿಚಾರಿಸಿ, ಮನೆಗೇ ಬರ್ತಾರೆ. ಜೊತೆಗೆ ಕನ್ನಡ ಬಲ್ಲ ಒಬ್ಬ ಸ್ವಯಂಸೇವಕರು ಬೇಕಲ್ಲ, ನಿಮ್ಮಲ್ಲಿ ಯಾರು ಹೋಗ್ತೀರಿ?