ಹಂದಿಯ ನೆಣ: ಅಡುಗೆಗೆ ಎಷ್ಟು, ಹೇಗೆ?

(ಕೊಡಗಿನಲ್ಲಿ ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭತ್ತದ ಬೇಸಾಯ ಕಲಿಸುವವನು ಹಂದಿಯ ನೆಣದ ಬಗ್ಗೆ ಏಕೆ ಮಾತನಾಡುತ್ತಾನೆ ಎಂದು ನಿಮಗನಿಸಬಹುದು. ಎರಡಕ್ಕೂ ಹಳೆಯ ನಂಟಿದೆ. ಕಕ್ಕಡದ ಮಳೆಯಲ್ಲಿ ದಿನವಿಡೀ ಉತ್ತು ನಾಟಿ ಮಾಡುವವರಿಗೆ ಹೆಚ್ಚು ಶಕ್ತಿ ಕೊಡುವ ಆಹಾರ ಬೇಕಿತ್ತು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟು, ಪಂದಿಕರಿ ಇಂದಿಗೂ ಬೇಕು.

ನನ್ನ ತಂದೆಯವರು ಎತ್ತು ಕಟ್ಟಿ ಉಳುತ್ತಿದ್ದರು. ನಾನು ಕುರ್ಚಿಯಲ್ಲಿ ಕುಳಿತು ದುಡಿಯುವವನು. ಊಟ ಮಾತ್ರ ಅವರಷ್ಟೇ. ಎರಡು ವರ್ಷದ ಹಿಂದೆ ನನ್ನ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದು ಕಂಡಿತು. ಪಂದಿಕರಿಯನ್ನೇ ಬಿಡೋಣವೆಂದಾಗ ತಾಯಿಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಮೊದಲು ನೀವು ಸುರಿಯುವ ಎಣ್ಣೆ ಬಿಡಿ" ಎಂದರು. ಅವರ ಮಾತು ಸರಿಯಾಗಿತ್ತು.

ಹಳೆಯ ಪದ್ಧತಿಯಲ್ಲಿ ಪಂದಿಕರಿಗೆ ಬೇರೆ ಎಣ್ಣೆ ಬೇಕಿಲ್ಲ. ನೆಣವಿರುವ ಮಾಂಸಕ್ಕೆ ಉಪ್ಪು, ಅರಿಶಿನ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಸೇರಿಸಿ ಸಣ್ಣ ಉರಿಯಲ್ಲಿಟ್ಟರೆ ನೆಣ ತಾನಾಗಿಯೇ ಕರಗುತ್ತದೆ. ಮಾಂಸ ಚೆನ್ನಾಗಿ ಬೆಂದ ಮೇಲೆ ಹುರಿದು ಪುಡಿ ಮಾಡಿದ ಮೆಣಸು, ಕೊತ್ತಂಬರಿ, ಜೀರಿಗೆ, ಕೊನೆಗೆ ಕಾಚಂಪುಳಿ ಹಾಕಬೇಕು. ಆರಿದಾಗ ಮೇಲೆ ಕಟ್ಟುವ ನೆಣವನ್ನು ಸೌಟಿನಿಂದ ತೆಗೆದಿಟ್ಟರೆ ಮರುದಿನದ ಕಳಲೆ ಅಥವಾ ಅಣಬೆ ಪಲ್ಯದ ಒಗ್ಗರಣೆಗೆ ಒಂದು ಸಣ್ಣ ಚಮಚ ಸಾಕು.

ಬಿಡಿ ನೆಣವನ್ನು ಎಸೆಯಬೇಡಿ. ಅರ್ಧ ಅಂಗುಲದ ಚೂರು ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ನೀರಿನೊಡನೆ ಸಣ್ಣ ಉರಿಯಲ್ಲಿಡಿ. ನೀರು ತಳ ಹಿಡಿಯದಂತೆ ಕಾಪಾಡುತ್ತದೆ. ನೀರು ಇಂಗಿ, ಚೂರುಗಳು ತಿಳಿ ಕಂದಾದಾಗ ಇಳಿಸಿ, ಬಟ್ಟೆಯಲ್ಲಿ ಶೋಧಿಸಿ. ಹೊಗೆ ಬರುವಷ್ಟು ಕಾಯಿಸಬಾರದು. ಒಣಗಿದ ಡಬ್ಬಿಯಲ್ಲಿ ಮುಚ್ಚಿ ತಣ್ಣಗಿಡಿ. ಒದ್ದೆ ಚಮಚ ಹಾಕಬೇಡಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ.

ಈಗ ಪ್ರಮಾಣದ ಮಾತು. ಈ ನೆಣದಲ್ಲಿ ಪರ್ಯಾಪ್ತ ಕೊಬ್ಬು ನೂರಕ್ಕೆ ಸುಮಾರು ೪೦ ಭಾಗ; ತುಪ್ಪದಲ್ಲಿ ಸುಮಾರು ೬೦, ಕೊಬ್ಬರಿ ಎಣ್ಣೆಯಲ್ಲಿ ೮೦ಕ್ಕೂ ಮೇಲು. ಹಾಗೆಂದು ಇದು ಔಷಧವಲ್ಲ. ದಿನದ ಆಹಾರಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ನೂರಕ್ಕೆ ೧೦ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೦೦ ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು ೨೨ ಗ್ರಾಂ. ಒಂದು ದೊಡ್ಡ ಚಮಚ, ಎಂದರೆ ೧೩ ಗ್ರಾಂ ನೆಣದಲ್ಲೇ ಇದರ ೫ ಗ್ರಾಂ ಇದೆ. ಹಾಲು, ತೆಂಗಿನಕಾಯಿಯ ಲೆಕ್ಕ ಬೇರೆ. ಹೃದ್ರೋಗವಿದ್ದವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಹಂದಿ ಸಾಕುವವರಿಗೆ ಒಂದು ಎಚ್ಚರಿಕೆ: ಆಫ್ರಿಕನ್ ಹಂದಿ ಜ್ವರ ೨೦೨೦ರಲ್ಲಿ ನಮ್ಮ ದೇಶಕ್ಕೂ ಬಂದಿದೆ. ಅದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಹಂದಿಮಾಂಸದ ಚೂರು, ತೊಳೆದ ನೀರು ಗೂಡಿಗೆ ಹೋದರೆ ಹಿಂಡೇ ನಾಶವಾಗಬಹುದು.

ಗದ್ದೆಗೆ ಯೂರಿಯಾ ಬೇಕು; ಹೆಚ್ಚಾದರೆ ಪೈರು ನೆಲಕ್ಕೊರಗುತ್ತದೆ. ನೆಣವೂ ಹಾಗೆಯೇ. ಹಿರಿಯರ ಅಡುಗೆಯನ್ನು ಉಳಿಸಿಕೊಳ್ಳೋಣ; ಅಳತೆಯನ್ನು ನಮ್ಮ ದುಡಿಮೆಗೆ ತಕ್ಕಂತೆ ಇಟ್ಟುಕೊಳ್ಳೋಣ. ನಮ್ಮ ಮನೆಯಲ್ಲಿ ಪಂದಿಕರಿ ಈಗಲೂ ಇದೆ. ಎಣ್ಣೆಯ ಡಬ್ಬಿ ಮಾತ್ರ ಒಲೆಯಿಂದ ದೂರ ಹೋಗಿದೆ.