ನಿಂಬೆಯ ಕಜ್ಜಿಗೆ ಬೇವಿನ ಮದ್ದು: ಎಷ್ಟು ನಿಜ, ಎಷ್ಟು ನಂಬಿಕೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ‘ಊರು ಮತ್ತು ಕೃಷಿ’ ಗೋಷ್ಠಿಯಲ್ಲಿ ಮೊದಲ ತಂಡದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳು ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿ, ನೀರಿನ ತೊಟ್ಟಿಯ ಪಕ್ಕದ ನಿಂಬೆ ಗಿಡ ತೋರಿಸಿದರು. “ಸರ್, ನೀವು ಸೂಕ್ಷ್ಮಜೀವಿ ಶಾಸ್ತ್ರ ಕಲಿಸಿದವರು. ಈ ಗಿಡಕ್ಕೆ ಕಜ್ಜಿ ಹತ್ತಿದೆ. ಕಡಿಸೋಣ ಅನ್ನುತ್ತಾರೆ ಕೆಲವರು. ಬೇವಿನ ಎಣ್ಣೆ ಹೊಡೆದರೆ ಸಾಕು ಅನ್ನುತ್ತಾರೆ ಕೆಲವರು. ಬೆಳ್ಳುಳ್ಳಿ ರಸ ಅನ್ನುವವರೂ ಇದ್ದಾರೆ. ಯಾವುದು ಸರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಈ ಮಾತು. ಕೊನೆಯಲ್ಲಿ ನಾನೊಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

1974ರಲ್ಲಿ ಈ ಶಾಲೆ ಶುರುವಾದಾಗ ನಾನು ಎಂಟನೇ ತರಗತಿ. ಎರಡು ಕೋಣೆ, ಒಂದು ಹೊಂಗೆ ಮರ. ಆಗ ವೈಟ್‌ಫೀಲ್ಡ್ ಎಂದರೆ ರೈಲು ನಿಲ್ಲುವ ಜಾಗ ಮಾತ್ರ. ನಮ್ಮ ಸುತ್ತ ಇದ್ದದ್ದು ರಾಗಿ ಹೊಲ, ತರಕಾರಿ ತೋಟ, ಸರ್ವೆ ತೋಪು. ನಮ್ಮ ತಂದೆಗೆ ಬಾವಿಯ ಬದಿಯಲ್ಲಿ ಹನ್ನೆರಡು ನಿಂಬೆ ಗಿಡಗಳಿದ್ದವು. ಆಯುಧ ಪೂಜೆ ಬಂತೆಂದರೆ ನಮಗೆ ಸುಗ್ಗಿ. ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರಕ್ಕೊಂದು, ಬಾಗಿಲಿಗೊಂದು, ಲಾರಿಯ ಚಕ್ರಕ್ಕೆ ನಾಲ್ಕು. ಎಷ್ಟು ನಿಂಬೆ ಇದ್ದರೂ ಸಾಲದು. ಗೋಣಿಯಲ್ಲಿ ತುಂಬಿ ಕೆ.ಆರ್. ಮಾರುಕಟ್ಟೆಗೆ ಹೊತ್ತೊಯ್ಯುತ್ತಿದ್ದೆವು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕ ಕಟ್ಟಿದ್ದು ಆ ಗಿಡಗಳೇ.

1976ರಲ್ಲಿ ತಂದೆಗೆ ಕ್ಷಯ ಬಂತು. ಕೆಮ್ಮಿದರೆ ರಕ್ತ. ಆಗಿನ ಚಿಕಿತ್ಸೆಯಲ್ಲಿ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮುಖ್ಯವಾದದ್ದು. ಕಾಂಪೌಂಡರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ತಂದೆ ಜಗುಲಿಯ ಕಂಬ ಹಿಡಿದು ನಿಲ್ಲುತ್ತಿದ್ದರು. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೂರಲಾಗದೆ ಮಗ್ಗುಲಾಗಿ ಮಲಗುತ್ತಿದ್ದರು. ಆದರೆ ಬದುಕಿದರು. ಆ ಹೆಸರು ನಮ್ಮ ಮನೆಯಲ್ಲಿ ದೇವರ ಹೆಸರಿನ ಹಾಗೆ ಉಳಿಯಿತು.

ಈಗ 2000ದ ಮಳೆಗಾಲಕ್ಕೆ ಬನ್ನಿ. ನಮ್ಮ ನಿಂಬೆ ಎಲೆಗಳ ಮೇಲೆ ಕಂದು ಚುಕ್ಕಿ, ಚುಕ್ಕಿಯ ಸುತ್ತ ಹಳದಿ ಬಳೆ. ಮುಟ್ಟಿದರೆ ಒರಟು. ಎಲೆಯ ಎರಡೂ ಬದಿಯಲ್ಲಿ ಉಬ್ಬಿಕೊಂಡಿತ್ತು. ಕಾಯಿಯ ಮೇಲೂ ಅದೇ. ಮಾರುಕಟ್ಟೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕೆ ಇಟ್ಟರು. ರಸಕ್ಕೇನೂ ಆಗಿರುವುದಿಲ್ಲ, ತಿನ್ನಲು ಅಪಾಯವೂ ಇಲ್ಲ. ಆದರೆ ಪೂಜೆಗೆ ಕಜ್ಜಿಯ ನಿಂಬೆ ಯಾರು ಕೊಳ್ಳುತ್ತಾರೆ?

ತಂದೆ ಎಲ್ಲಿಂದಲೋ ಒಂದು ಸಣ್ಣ ಪೊಟ್ಟಣ ತಂದಿದ್ದರು. ನೀರಿಗೆ ಕಲಸಿ ಹೊಡೆಯುವ ಪುಡಿ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದಿ ಹೇಳಿದೆ: ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್. ಅವರು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟರು. “ಏನಪ್ಪಾ, ಅವತ್ತು ನಂಗೆ ಚುಚ್ಚಿದ್ದೂ ಇದೇನಾ? ನಿಂಬೆ ಗಿಡಕ್ಕೂ ಇದೇ ಹೊಡೀತಾರಾ?” ಎಂದರು. ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಆ ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ.

ಪ್ರಶ್ನೆ ಯಾಕೆ ದೊಡ್ಡದು ಹೇಳುತ್ತೇನೆ. ದುಂಡಾಣುಗಳಿಗೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ತೋರಿಸಿದರೆ ಅವುಗಳಲ್ಲಿ ಅದನ್ನು ತಾಳಿಕೊಳ್ಳುವಂಥವು ಉಳಿದು ಬೆಳೆಯುತ್ತವೆ. ಆ ತಾಳಿಕೆಯ ಗುಣವನ್ನು ಪಕ್ಕದ ಬೇರೆ ಜಾತಿಯ ದುಂಡಾಣುವಿಗೂ ದಾಟಿಸಬಲ್ಲವು. ತೋಟದ ಮಣ್ಣು, ಚರಂಡಿ, ಕೆರೆ, ಮನುಷ್ಯ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುವಾಗ ಗಿಡದ ಮದ್ದು ಗಿಡದಲ್ಲೇ ನಿಲ್ಲುವುದಿಲ್ಲ. ಅದಕ್ಕಾಗಿಯೇ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಈ ಎರಡು ಔಷಧಿಗಳ ಕೃಷಿ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ನನ್ನ ತಂದೆ ಅದನ್ನು ಇಪ್ಪತ್ತು ವರ್ಷ ಮೊದಲೇ ಬಕೆಟ್ ಕೆಳಗಿಟ್ಟು ಹೊರಡಿಸಿದ್ದರು.

ಅಂದಿನಿಂದ ನಾನು ಗಿಡಮೂಲದ ಮದ್ದು ಹುಡುಕತೊಡಗಿದೆ. ಮೊದಲು ಬೆಳ್ಳುಳ್ಳಿ. ಕಜ್ಜಿಯ ಎಲೆಯಿಂದ ದುಂಡಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಅದರ ಹೆಸರು ಕ್ಸಾಂಥೊಮೊನಾಸ್. ಬಣ್ಣ ಹಳದಿ, ಹೆಸರಿನ ಅರ್ಥದಲ್ಲೂ ಹಳದಿಯೇ ಇದೆ. ಬೆಳ್ಳುಳ್ಳಿ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟೆ. ಮಾರನೇ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಸ್ವಚ್ಛ ಉಂಗುರ! ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನು ಸಂಜೆಯೇ ಬಸ್ಸು ಹತ್ತಿ ಊರಿಗೆ ಬಂದು ಗಟ್ಟಿ ರಸ ಮಾಡಿ ಗಿಡಕ್ಕೆ ಹೊಡೆದೆ.

ಏನಾಯಿತು? ಎಳೆ ಚಿಗುರು ಸುಟ್ಟು ಮುದುಡಿತು. ವಾರದಲ್ಲಿ ಮಳೆ ಬಂತು. ಹೊಸ ಎಲೆಯ ಮೇಲೆ ಮತ್ತೆ ಅದೇ ಕಜ್ಜಿ.

ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ. ತಟ್ಟೆಯಲ್ಲಿ ದುಂಡಾಣು ಬರಿಮೈಯಲ್ಲಿ ಕೂತಿರುತ್ತದೆ. ಗಿಡದಲ್ಲಿ ಅದು ಎಲೆಯ ಒಳಗೆ ಮನೆ ಮಾಡಿಕೊಂಡಿರುತ್ತದೆ. ಬೆಳ್ಳುಳ್ಳಿಯ ಅಲಿಸಿನ್ ಎಂಬ ಸತ್ವ ದುಂಡಾಣುವನ್ನು ಕೊಲ್ಲುವುದು ನಿಜ. ಆದರೆ ಅದು ಬೇಗ ಒಡೆದುಹೋಗುತ್ತದೆ. ಬಿಸಿಲಿಗೆ, ಮಳೆಗೆ ನಿಲ್ಲುವುದಿಲ್ಲ. ತಟ್ಟೆಯಲ್ಲಿ ಗೆದ್ದ ಮದ್ದು ತೋಟದಲ್ಲಿ ಗೆಲ್ಲಬೇಕೆಂದಿಲ್ಲ. ಮೊಬೈಲಿನಲ್ಲಿ ಬರುವ ಅರ್ಧಕ್ಕರ್ಧ ‘ಗಿಡಮೂಲಿಕೆ ಪವಾಡ’ಗಳು ಈ ತಟ್ಟೆಯಿಂದ ಎದ್ದು ಬಂದವು.

ಇನ್ನೊಂದು ಮಾತು. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಸ್ಟ್ರೆಪ್ಟೊಮೈಸಿನ್ ಕೂಡ ನೈಸರ್ಗಿಕವೇ. 1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಅದು ಸಿಕ್ಕಿತು. ಕೇಳಬೇಕಾದ ಪ್ರಶ್ನೆ ಬೇರೆ: ಇದು ಎಲ್ಲಿ, ಯಾವಾಗ, ಯಾರ ಮೇಲೆ ಕೆಲಸ ಮಾಡುತ್ತದೆ?

ಈಗ ಬೇವಿಗೆ ಬರೋಣ. ನಿಮ್ಮ ನಿಂಬೆಯ ಎಳೆ ಎಲೆಗಳ ಮೇಲೆ ಬೆಳ್ಳಿ ಗೆರೆಯ ಚಿತ್ತಾರ ನೋಡಿದ್ದೀರಿ. ನಮ್ಮ ರೈತರು ಅದಕ್ಕೆ ರಂಗೋಲಿ ಹುಳು ಎನ್ನುತ್ತಾರೆ. ಆ ಮರಿಹುಳು ಎಲೆಯ ತೆಳು ಸಿಪ್ಪೆಯ ಕೆಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಕಜ್ಜಿಯ ದುಂಡಾಣುವಿಗೆ ಅದು ತೆರೆದ ಬಾಗಿಲು. ಮಳೆಹನಿ ಸಿಡಿದು, ಗಾಳಿ ಬೀಸಿ, ಮುಳ್ಳು ಗೀರಿ ಆದ ಗಾಯಗಳಿಂದಲೂ ಅದು ಒಳಗೆ ಹೋಗುತ್ತದೆ. ಆದರೆ ರಂಗೋಲಿ ಹುಳು ಇದ್ದ ಕಡೆ ರೋಗ ಹಲವು ಪಟ್ಟು ಉಲ್ಬಣಿಸುತ್ತದೆ. ಬೇವಿನ ಬೀಜದ ಅಜಾಡಿರಾಕ್ಟಿನ್ ಈ ಹುಳು ತಿನ್ನುವುದನ್ನೂ ಪೊರೆ ಬಿಡುವುದನ್ನೂ ತಡೆಯುತ್ತದೆ. ಅಂದರೆ ಬೇವಿನ ದೊಡ್ಡ ಉಪಕಾರ ಕಳ್ಳನನ್ನು ಕೊಲ್ಲುವುದಲ್ಲ, ಕನ್ನ ಕೊರೆಯುವವನನ್ನು ತಡೆಯುವುದು. ಪೀಣ್ಯದ ಆಚೆಗೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು, ಹೊಂಗೆ ಸಾಬೂನು ರೂಪಿಸಿರುವುದು ಇಂಥ ಕೀಟಗಳಿಗಾಗಿಯೇ. ನಮ್ಮ ಶಾಲೆಯ ಹೊಂಗೆ ಮರದ ಬೀಜಕ್ಕೂ ಬೆಲೆ ಇದೆ ಎಂದಾಯಿತು.

ಹಾಗಾದರೆ ಮಾಡಬೇಕಾದ್ದೇನು? ತಂದೆ ಮತ್ತು ನಾನು ಮೂರು ವರ್ಷ ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದು ಕತ್ತರಿ. ಒಣ ಹವೆ ಇರುವಾಗ ಕಜ್ಜಿಯ ರೆಂಬೆ ಕತ್ತರಿಸಿ, ಬಿದ್ದ ಎಲೆ ಗುಡಿಸಿ ಸುಡಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಎಲೆ ಒದ್ದೆ ಇರುವಾಗ ಗಿಡ ಮುಟ್ಟಬಾರದು. ಎರಡನೆಯದು, ಕತ್ತರಿಸಿದ ಮೇಲೆ ಶೇಕಡಾ 1ರ ಬೋರ್ಡೋ ದ್ರಾವಣ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಇದು ಗಿಡಮೂಲದ್ದಲ್ಲ. ತಾಮ್ರ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ, ಆದ್ದರಿಂದ ಮನಸ್ಸಿಗೆ ಬಂದಷ್ಟು ಬಾರಿ ಹೊಡೆಯಬಾರದು. ಆದರೆ ಇದನ್ನು ಬಿಟ್ಟು ಬರೀ ಬೇವಿನಿಂದ ನಮ್ಮ ಗಿಡದ ಕಜ್ಜಿ ಹತೋಟಿಗೆ ಬರಲಿಲ್ಲ ಎಂಬ ಸತ್ಯ ಮುಚ್ಚಿಡಲಾರೆ. ಮೂರನೆಯದು, ಮಳೆ ಬಿದ್ದು ಹೊಸ ಚಿಗುರು ಒಡೆದ ಕೂಡಲೇ ಬೇವಿನ ಬೀಜದ ಕಷಾಯ. 5 ಕಿಲೋ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಸೇರಿಸಿ 100 ಲೀಟರ್ ಮಾಡಿಕೊಳ್ಳಿ. ಸಂಜೆ ಹೊಡೆಯಿರಿ, ಬಿಸಿಲಿನಲ್ಲಿ ಸತ್ವ ಕೆಡುತ್ತದೆ. ಎಲೆ ಬಲಿತ ಮೇಲೆ ಕಜ್ಜಿ ಸುಲಭವಾಗಿ ತಗಲುವುದಿಲ್ಲ. ಆದ್ದರಿಂದ ಚಿಗುರಿನ ಕೆಲವು ವಾರ ಕಾದರೆ ಅರ್ಧ ಗೆದ್ದ ಹಾಗೆ. ನಾಲ್ಕನೆಯದು ಗಾಳಿತಡೆ. ನಮ್ಮ ಸುತ್ತಲಿನ ಸರ್ವೆ ತೋಪುಗಳು ಕಂಬಕ್ಕೆ, ಸೌದೆಗೆ ಎಂದುಕೊಂಡಿದ್ದೆವು. ಮಳೆಗಾಳಿಯನ್ನು ಅವು ತಡೆಯುತ್ತಿದ್ದವು ಎಂಬುದು ತೋಪು ಹೋಗಿ ಲೇಔಟ್ ಬಂದ ಮೇಲೆ ಗೊತ್ತಾಯಿತು.

ಮೂರನೇ ವರ್ಷ ಹನ್ನೆರಡರಲ್ಲಿ ಏಳು ಗಿಡ ಚೇತರಿಸಿಕೊಂಡವು. ಕಜ್ಜಿ ಪೂರ್ತಿ ಹೋಗಲಿಲ್ಲ. ಆಯುಧ ಪೂಜೆಗೆ ಮಾರುವಷ್ಟು ಚೊಕ್ಕ ಕಾಯಿ ಬಂದವು.

ಇದರ ಜೊತೆ ಇನ್ನೊಂದು ರೋಗದ ಹೆಸರನ್ನೂ ತಿಳಿದಿರಿ: ಗ್ರೀನಿಂಗ್. ಇದರ ದುಂಡಾಣು ಗಿಡದ ಆಹಾರನಾಳದೊಳಗೇ ಇರುತ್ತದೆ. ಸಿಲ್ಲಿಡ್ ಎಂಬ ಸಣ್ಣ ಹೀರುವ ಕೀಟ ಅದನ್ನು ಹರಡುತ್ತದೆ. 1967ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅದನ್ನು ತೋರಿಸಿಕೊಟ್ಟರು. ಕೊಡಗಿನ ಕಾಫಿ ತೋಟಗಳ ಕಿತ್ತಳೆ ಕ್ಷೀಣಿಸಿದ್ದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಇದು ಕಾಣಿಸಿಕೊಂಡಿತು. ಇಪ್ಪತ್ತು ವರ್ಷದೊಳಗೆ ಅಲ್ಲಿನ ಕಿತ್ತಳೆ ಬೆಳೆ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಯಿತು. ಹೊಡೆದ ಮದ್ದು ನಾಳದೊಳಗೆ ತಲುಪುವುದೇ ಕಷ್ಟ.

ಆದರೂ ಆಶೆ ಬಂದದ್ದು ಗಿಡದಿಂದಲೇ. ಆಸ್ಟ್ರೇಲಿಯಾದಲ್ಲಿ ಬೆರಳಿನಾಕಾರದ ಕಾಡು ನಿಂಬೆಯೊಂದಿದೆ. ಅದು ಈ ರೋಗವನ್ನು ತಾಳಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಹೈಲಿಂಗ್ ಜಿನ್ ಅವರ ತಂಡ ಅದರಲ್ಲಿರುವ ಒಂದು ಸಣ್ಣ ಪೆಪ್ಟೈಡನ್ನು ಗುರುತಿಸಿ 2021ರಲ್ಲಿ ಪ್ರಕಟಿಸಿತು. ಅದು ದುಂಡಾಣುವನ್ನೂ ಕೊಲ್ಲುತ್ತದೆ, ಗಿಡದ ಸ್ವಂತ ರಕ್ಷಣೆಯನ್ನೂ ಎಬ್ಬಿಸುತ್ತದೆ, ಬಿಸಿಲಿನ ಶಾಖಕ್ಕೂ ಕೆಡುವುದಿಲ್ಲ. ನನ್ನ ಬೆಳ್ಳುಳ್ಳಿ ಸೋತದ್ದು ಎಲ್ಲಿ, ಇದು ಗೆದ್ದದ್ದು ಎಲ್ಲಿ ನೋಡಿ. ಅವರು ಕೇಳಿದ ಪ್ರಶ್ನೆ ಸರಳ: ಎಲ್ಲ ಗಿಡ ಸಾಯುವಾಗ ಇದೊಂದು ಯಾಕೆ ಸಾಯಲಿಲ್ಲ? ನಮ್ಮಲ್ಲೂ ಹೇರಳೆ, ಮಾದಲ, ಗಜನಿಂಬೆ, ದೇವನಹಳ್ಳಿಯ ಚಕ್ಕೋತ ಇವೆ. ಲೇಔಟಿನ ಜೆಸಿಬಿ ಮುಂದೆ ಅವು ಉರುಳುವಾಗ ಇಂಥ ಒಂದು ಪ್ರಶ್ನೆಯೂ ಉರುಳುತ್ತಿರಬಹುದು.

ಈಗ ನನ್ನ ತಪ್ಪು.

1999ರಲ್ಲಿ ಶಾಲೆಯ ಬೆಳ್ಳಿ ಹಬ್ಬಕ್ಕೆ ನಮ್ಮ ತಂಡದಿಂದ ಏನಾದರೂ ಕೊಡೋಣವೆಂದು ನಾನೇ ಮುಂದೆ ನಿಂತು ಒಂದು ನರ್ಸರಿಯಿಂದ ಇಪ್ಪತ್ತೈದು ನಿಂಬೆ ಸಸಿ ತಂದೆ. ಶಾಲೆಗೆ ಒಂದು, ನಮ್ಮ ತೋಟಕ್ಕೆ ಎರಡು, ಉಳಿದವು ಊರಿಗೆ. ಮೈಕಿನಲ್ಲಿ ನನ್ನ ಹೆಸರು ಹೇಳಿದರು, ಹಾರ ಹಾಕಿದರು. ಒಂದೇ ಒಂದು ಸಸಿಯ ಎಲೆಯನ್ನೂ ನಾನು ತಿರುಗಿಸಿ ನೋಡಲಿಲ್ಲ. ಮುಂದಿನ ಮಳೆಗೆ ಕಜ್ಜಿ ಬಂತು. ಅಂದು ಸಸಿ ಹಿಡಿದು ತೆಗೆಸಿಕೊಂಡ ಫೋಟೋ ಮನೆಯಲ್ಲಿತ್ತು. ಬಹಳ ದಿನದ ಮೇಲೆ ಅದನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಲೆಯ ಮೇಲೆ ಚುಕ್ಕಿ ಇತ್ತು. ಪಾಠ ಹೇಳುವ ಮೇಷ್ಟ್ರೇ ರೋಗ ಹಂಚಿದ್ದ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನಿಗೂ ಎರಡು ಸಸಿ ಕೊಟ್ಟಿದ್ದೆ. ಅವನದು ಅರವತ್ತು ಗಿಡದ ತೋಟ. ನಾಲ್ಕು ವರ್ಷಕ್ಕೆ ನಿಂಬೆ ತೆಗೆಸಿದ, ಆಮೇಲೆ ಜಮೀನೂ ಹೋಯಿತು. ಜಮೀನಿಗೆ ಬಂದ ಬೆಲೆಯೂ ಅದಕ್ಕೆ ಕಾರಣ, ನಾನೊಬ್ಬನೇ ಅಲ್ಲ ಎಂದು ಎಷ್ಟೋ ಬಾರಿ ಹೇಳಿಕೊಂಡಿದ್ದೇನೆ. ಆದರೆ ಅವನಿಗೆ ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ಅವನು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಗೆಳೆಯಾ, ಕ್ಷಮಿಸು.

ಆದ್ದರಿಂದ ಎಲ್ಲ ಮದ್ದಿಗಿಂತ ದೊಡ್ಡ ಮದ್ದು ಇದು: ಸಸಿ ತರುವ ಮುಂಚೆ ಎಲೆ ತಿರುಗಿಸಿ ನೋಡಿ. ಅದಕ್ಕೆ ದುಡ್ಡು ಬೇಕಿಲ್ಲ, ಡಿಗ್ರಿ ಬೇಕಿಲ್ಲ.

ಕೊನೆಯ ಕೋರಿಕೆ. ತೊಟ್ಟಿ ಪಕ್ಕದ ಆ ಗಿಡ ನಾನು ತಂದ ಇಪ್ಪತ್ತೈದರಲ್ಲಿ ಒಂದು. ಅದನ್ನು ಈಗಲೇ ಕಡಿಯಬೇಡಿ. ಸುತ್ತ ಬೇರೆ ನಿಂಬೆ ತೋಟ ಉಳಿದಿಲ್ಲ, ಹರಡುವ ಭಯ ಕಡಿಮೆ. ಎಂಟನೇ ತರಗತಿಯ ಮಕ್ಕಳಿಗೆ ಅದನ್ನು ಒಪ್ಪಿಸಿ. ಕಜ್ಜಿಯ ರೆಂಬೆ ಕತ್ತರಿಸೋಣ. ನಾಲ್ಕು ರೆಂಬೆಗೆ ಕೆಂಪು ದಾರ ಕಟ್ಟಿ ಬೇವಿನ ಕಷಾಯ ಹೊಡೆಯಲಿ. ನಾಲ್ಕಕ್ಕೆ ಬಿಳಿ ದಾರ ಕಟ್ಟಿ ಬರೀ ನೀರು ಹೊಡೆಯಲಿ. ಪ್ರತಿ ಸೋಮವಾರ ಚುಕ್ಕಿ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಬೇವು ಗೆದ್ದರೂ ಬರೆಯಲಿ, ಸೋತರೂ ಬರೆಯಲಿ. ಸೋತದ್ದನ್ನು ಬರೆಯುವುದೇ ವಿಜ್ಞಾನದ ಕಷ್ಟದ ಪಾಠ. ನಾನು ಅದನ್ನು ಕಲಿಯಲು ಇಪ್ಪತ್ತೈದು ವರ್ಷ ತೆಗೆದುಕೊಂಡೆ.

ಕತ್ತರಿ, ಸ್ಪಿರಿಟ್, ಬೇವಿನ ಬೀಜ ಇವತ್ತೇ ತಂದಿದ್ದೇನೆ. ಸಭೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಆಸಕ್ತಿ ಇರುವ ಮಕ್ಕಳು ತೊಟ್ಟಿಯ ಹತ್ತಿರ ಬನ್ನಿ. ಮೂರನೇ ಸಾಲಿನ ಗೆಳೆಯನೂ ಬಂದರೆ ಮೊದಲ ಕತ್ತರಿ ಅವನ ಕೈಗೆ.