ಬಿಲ್ಲು ಬರುವವರೆಗಿನ ಬದುಕು: ದುರ್ಗದ ಸೀಮೆಯ ಕಟ್ಟಡ ಉದ್ಯಮ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಗುತ್ತಿಗೆದಾರರು, ಮೇಸ್ತ್ರಿಗಳು ಮತ್ತು ಸಾಮಗ್ರಿ ವ್ಯಾಪಾರಿಗಳು ರಾಮಗಿರಿಯಲ್ಲಿ ಕೂಡಿರುವ ಈ ಸಮಾವೇಶವು ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಈ ಸೀಮೆಯಲ್ಲಿ ಕಟ್ಟುವ ಕೆಲಸ ಕಡಿಮೆಯಾಗಿದೆಯೇ ಎಂಬುದು. ಕಡಿಮೆಯಾಗಿಲ್ಲವೆಂಬುದಕ್ಕೆ ಸಾಕ್ಷಿಗಳು ಕಣ್ಣೆದುರಿಗೇ ಇವೆ. ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುವ ನೇರ ರೈಲುಮಾರ್ಗದ ಕಾಮಗಾರಿ ಕೈಗೆತ್ತಿಕೊಳ್ಳಲಾಗಿದೆ, ಜೋಗಿಮಟ್ಟಿಯ ಆಸುಪಾಸಿನ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿವೆ, 29.90 ಟಿಎಂಸಿ ನೀರನ್ನು ಬಳಸಿ ನಾಲ್ಕು ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಲು ಮತ್ತು 367 ಕೆರೆಗಳನ್ನು ತುಂಬಿಸಲು ರೂಪಿಸಿದ ಭದ್ರಾ ಮೇಲ್ದಂಡೆ ಯೋಜನೆ ಈ ಜಿಲ್ಲೆಯ ನೆಲದ ಮೇಲೆಯೇ ಹರಡಿಕೊಂಡಿದೆ. ಇಷ್ಟೆಲ್ಲ ಇದ್ದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಲವಿಲ್ಲದ ಸಣ್ಣ ಗುತ್ತಿಗೆದಾರ ಅಪರೂಪವಾಗಿದ್ದಾನೆ. ಆದ್ದರಿಂದ ಈ ಉದ್ಯಮದ ಬಿಕ್ಕಟ್ಟನ್ನು ಕೆಲಸದ ಅಭಾವದಲ್ಲಿ ಹುಡುಕುವುದಕ್ಕಿಂತ, ಕೆಲಸ ಮುಗಿದ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ಬೀಳುವ ಅಂತರದಲ್ಲಿ ಹುಡುಕುವುದು ಸರಿಯಾದ ದಾರಿಯೆಂಬುದು ಈ ಭಾಷಣದ ನಿಲುವು.

ದುರ್ಗದ ಏಳು ಸುತ್ತಿನ ಕೋಟೆಯನ್ನೂ, ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನೂ ಹೊಗಳದೆ ಈ ಜಿಲ್ಲೆಯಲ್ಲಿ ಯಾವ ಕಟ್ಟಡ ಸಮಾವೇಶವೂ ಮುಗಿಯುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟೆ 89 ವರ್ಷಗಳ ತರುವಾಯ 2022ರ ಸೆಪ್ಟೆಂಬರಿನಲ್ಲಿ ಮತ್ತೆ ತುಂಬಿ ಹರಿದಾಗ ಕಲ್ಲುಕಟ್ಟಡ ಅಲುಗಾಡದೆ ನಿಂತಿದ್ದು ಹೆಮ್ಮೆಯ ಸಂಗತಿಯೇ ಹೌದು. ಕಲ್ಲು ಒಡೆಯುವ, ಮಣ್ಣು ಅಗೆಯುವ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಭೋವಿ ಸಮುದಾಯದ ಗುರುಪೀಠವು ಚಿತ್ರದುರ್ಗದಲ್ಲಿಯೇ ಇರುವುದು ಈ ನೆಲಕ್ಕೂ ಆ ಕಸುಬಿಗೂ ಇರುವ ನಂಟನ್ನು ತೋರಿಸುತ್ತದೆ. ಆದರೆ ಹೊಗಳಿಕೆಯ ನಡುವೆ ಒಂದು ವ್ಯತ್ಯಾಸ ಮರೆತುಹೋಗುತ್ತದೆ: ಕೋಟೆಗೆ ಹಣ ಹಾಕಿದವರು ಪಾಳೆಯಗಾರರು, ಮಾರಿಕಣಿವೆಗೆ ಹಣ ಹಾಕಿದ್ದು ಮೈಸೂರು ಸಂಸ್ಥಾನದ ಬೊಕ್ಕಸ. ಇಂದಿನ ಸಣ್ಣ ಗುತ್ತಿಗೆದಾರನಾದರೋ ಸರ್ಕಾರದ ಚರಂಡಿಯನ್ನೂ ಶಾಲಾ ಕೊಠಡಿಯನ್ನೂ ಮೊದಲು ತನ್ನ ಹಣದಿಂದ, ಹೆಚ್ಚಾಗಿ ಸಾಲದ ಹಣದಿಂದ, ಕಟ್ಟಿಕೊಟ್ಟು ಆಮೇಲೆ ಕಾಯುತ್ತಾನೆ.

ಕಾಯುವಿಕೆ ಹೇಗೆ ಸಂಭವಿಸುತ್ತದೆ ಎಂಬುದನ್ನು ವಿವರವಾಗಿ ನೋಡಬೇಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಆಧಾರದ ಮೇಲೆ ಅಂದಾಜುಪಟ್ಟಿ ಸಿದ್ಧವಾಗುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ನಿಯಮಗಳಂತೆ ಟೆಂಡರು ಕರೆಯಲಾಗುತ್ತದೆ. ಕೆಲಸ ನಡೆದಂತೆ ಸಹಾಯಕ ಎಂಜಿನಿಯರು ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದಲ್ಲಿ ಅಳತೆಗಳನ್ನು ದಾಖಲಿಸುತ್ತಾರೆ; ಆ ಅಳತೆಯ ಮೇಲೆ ಬಿಲ್ಲು ತಯಾರಾಗಿ, ಪರಿಶೀಲನೆ ಮುಗಿದು, ಇಲಾಖೆಗೆ ಅನುದಾನ ಬಿಡುಗಡೆಯಾದಾಗ ಪಾವತಿ ಆಗುತ್ತದೆ. ಈ ಸರಣಿಯಲ್ಲಿ ಗುತ್ತಿಗೆದಾರನ ಹಿಡಿತದಲ್ಲಿರುವುದು ಕೆಲಸ ಒಂದೇ, ಉಳಿದ ಹೆಜ್ಜೆಗಳೆಲ್ಲ ಬೇರೆಯವರ ಮೇಜಿನ ಮೇಲಿವೆ. ಬಾಕಿ ಬಿಲ್ಲುಗಳನ್ನು ಜ್ಯೇಷ್ಠತೆಯ ಕ್ರಮದಲ್ಲಿ, ಅಂದರೆ ಮೊದಲು ಸಲ್ಲಿಸಿದ್ದನ್ನು ಮೊದಲು, ಪಾವತಿಸಬೇಕೆಂಬುದು ರಾಜ್ಯದ ಗುತ್ತಿಗೆದಾರರ ಬಹುಕಾಲದ ಬೇಡಿಕೆ. ರಾಜ್ಯ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಮಂತ್ರಿಯವರಿಗೆ ಬರೆದ ಪತ್ರದಿಂದ ಕಾಮಗಾರಿಗಳಿಗೆ ಕಮಿಷನ್ ಕೇಳುತ್ತಾರೆಂಬ ಆರೋಪ ದೇಶದ ಚರ್ಚೆಗೆ ಬಂದಿತಾದರೂ, ಆ ಗದ್ದಲದಲ್ಲಿ ವಿಳಂಬದ ಪ್ರಶ್ನೆ ಹಿಂದೆ ಸರಿಯಿತೆಂದೇ ಹೇಳಬೇಕು. ಭ್ರಷ್ಟಾಚಾರವಿಲ್ಲದ ಕಚೇರಿಯಲ್ಲಿಯೂ ವಿಳಂಬವೊಂದೇ ಗುತ್ತಿಗೆದಾರನನ್ನು ಮುಳುಗಿಸಬಲ್ಲದು.

ಇದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಅಂದಾಜುಪಟ್ಟಿಯಲ್ಲಿ ಗುತ್ತಿಗೆದಾರನ ಲಾಭವೆಂದು ಸಾಮಾನ್ಯವಾಗಿ ಹಿಡಿಯುವುದು ನೂರಕ್ಕೆ ಹತ್ತು. ಇಪ್ಪತ್ತು ಲಕ್ಷ ರೂಪಾಯಿ ಹೂಡಿದ ಕೆಲಸಕ್ಕೆ ಎರಡು ಲಕ್ಷ ಲಾಭವೆಂದಿಟ್ಟುಕೊಂಡರೂ, ಹೂಡಿದ ಹಣವನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲವಾಗಿ ತಂದಿದ್ದರೆ ತಿಂಗಳಿಗೆ ನಲವತ್ತು ಸಾವಿರ ಬಡ್ಡಿಯಾಗುತ್ತದೆ; ಐದು ತಿಂಗಳು ಬಿಲ್ಲು ತಡವಾದರೆ ಲಾಭವೆಲ್ಲ ಬಡ್ಡಿಗೆ ಹೋಗಿ, ಆರನೆಯ ತಿಂಗಳಿನಿಂದ ಗುತ್ತಿಗೆದಾರ ತನ್ನ ಗಂಟಿನಿಂದ ಸರ್ಕಾರದ ಕೆಲಸ ಮಾಡಿಕೊಟ್ಟಂತಾಗುತ್ತದೆ. ಇಂಥ ಸ್ಥಿತಿಯಲ್ಲಿ ದರಪಟ್ಟಿಗಿಂತ ನೂರಕ್ಕೆ ಇಪ್ಪತ್ತು ಕಡಿಮೆಗೆ ಟೆಂಡರು ಹಾಕುವವರು ಯಾವ ಲೆಕ್ಕದ ಮೇಲೆ ಹಾಕುತ್ತಾರೆಂಬುದು ವಿಚಾರಿಸಬೇಕಾದ ಸಂಗತಿ. ಕೆಲವರು ಕೈಯಲ್ಲಿರುವ ಯಂತ್ರ ನಿಂತುಹೋಗಬಾರದೆಂದು ಹಾಕುತ್ತಾರೆ, ಕೆಲವರು ಹಳೆಯ ಸಾಲ ತೀರಿಸಲು ಹೊಸ ಕೆಲಸ ಹಿಡಿಯುತ್ತಾರೆ, ಇನ್ನು ಕೆಲವರು ಸಿಮೆಂಟಿನಲ್ಲಿ ಉಳಿಸಿಕೊಳ್ಳುವ ಆಲೋಚನೆಯಿಂದಲೇ ಹಾಕುತ್ತಾರೆ. ಮೂರನೆಯ ಬಗೆಯವರನ್ನು ಈ ಉದ್ಯಮ ತಾನಾಗಿಯೇ ಹೊರಗಿಡದಿದ್ದರೆ ಉಳಿದವರ ಮಾತಿಗೂ ಬೆಲೆ ಇರುವುದಿಲ್ಲ.

ತೆರಿಗೆಯ ಪದ್ಧತಿ ಈ ಅಂತರವನ್ನು ಮತ್ತಷ್ಟು ಬಿಗಿಗೊಳಿಸಿದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ, ಗುತ್ತಿಗೆದಾರ ಸಿಮೆಂಟು, ಕಬ್ಬಿಣ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಆದರೆ ಅಂಗಡಿಯವನ ಬಿಲ್ಲಿನ ಹಣವನ್ನು 180 ದಿನಗಳೊಳಗೆ ತೀರಿಸದಿದ್ದರೆ ಆ ಜಮೆಯನ್ನು ಬಡ್ಡಿಸಮೇತ ಹಿಂದಿರುಗಿಸಬೇಕಾಗುತ್ತದೆ. ಸರ್ಕಾರ ಗುತ್ತಿಗೆದಾರನಿಗೆ ಹಣ ಕೊಡಲಿಲ್ಲ, ಅದರಿಂದ ಗುತ್ತಿಗೆದಾರ ಅಂಗಡಿಗೆ ಕೊಡಲಿಲ್ಲ, ಅದರಿಂದ ಗುತ್ತಿಗೆದಾರನೇ ಸರ್ಕಾರಕ್ಕೆ ಬಡ್ಡಿ ತೆರಬೇಕು ಎಂಬ ಈ ಸುತ್ತಿನಲ್ಲಿ ತಪ್ಪು ಯಾರದೆಂದು ಕಾಗದ ಕೇಳುವುದಿಲ್ಲ. ಸರ್ಕಾರಿ ಕಾಮಗಾರಿಗಳ ಮೇಲಿನ ತೆರಿಗೆ 2022ರ ಜುಲೈ 18ರಿಂದ ಶೇಕಡಾ 12ರಿಂದ 18ಕ್ಕೆ ಏರಿದಾಗ, ತೆರಿಗೆ ಸೇರಿಸಿಯೇ ದರ ನಮೂದಿಸಿದ್ದ ಹಳೆಯ ಒಪ್ಪಂದಗಳವರು ಪಟ್ಟ ಪಾಡು ಇಲ್ಲಿರುವ ಅನೇಕರಿಗೆ ಗೊತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಒಳ್ಳೆಯ ಸುದ್ದಿಯಾದರೂ, ಅದರ ಲಾಭ ಪೂರ್ತಿಯಾಗಿ ಸಿಗುವುದು ಲೆಕ್ಕಪತ್ರ ನೆಟ್ಟಗಿರುವವರಿಗೆ ಮಾತ್ರ.

ಸರ್ಕಾರಿ ಕೆಲಸ ಬಿಟ್ಟು ಖಾಸಗಿ ಮನೆಗಳನ್ನು ಹಿಡಿದರೆ ಸುಖವೆಂದು ಭಾವಿಸುವವರಿದ್ದಾರೆ. ಆದರೆ ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ–ತೆಂಗಿನ ಸೀಮೆಯಲ್ಲಿ ಮನೆ ಕಟ್ಟುವ ಮನಸ್ಸು ಫಸಲಿನ ಧಾರಣೆಯೊಂದಿಗೆ ಏರಿಳಿಯುತ್ತದೆ. ಧಾರಣೆ ಬಿದ್ದ ವರ್ಷ ತಾರಸಿಯ ಮಟ್ಟಕ್ಕೆ ಬಂದ ಮನೆಗಳು ಕಂಬಿ ಚಾಚಿಕೊಂಡು ನಿಲ್ಲುತ್ತವೆ. ಇಲ್ಲಿನ ವ್ಯವಹಾರವೆಲ್ಲ ಚದರದ ಲೆಕ್ಕದಲ್ಲಿ ನಡೆಯುತ್ತದೆ. ಚದರವೆಂದರೆ ನೂರು ಚದರ ಅಡಿ. ಚದರಕ್ಕೆ ಇಷ್ಟೆಂದು ಬಾಯಿಮಾತಿನಲ್ಲಿ ಒಪ್ಪಿಕೊಂಡು ಪಾಯ ತೆಗೆಯುವ ರೂಢಿ ಇನ್ನೂ ಬಲವಾಗಿದೆ. ಆ ದರದಲ್ಲಿ ಸಂಪು ಸೇರಿದೆಯೇ, ಕಾಂಪೌಂಡು ಸೇರಿದೆಯೇ, ಸಜ್ಜೆಯ ವಿಸ್ತೀರ್ಣ ಚದರಕ್ಕೆ ಬರುತ್ತದೆಯೇ, ಬಣ್ಣ ಎಷ್ಟು ಕೋಟು, ಪಾಯ ನಿರೀಕ್ಷೆಗಿಂತ ಆಳ ಹೋದರೆ ಹೆಚ್ಚಿನ ಕಲ್ಲು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಗಳು ಗಿಲಾವಿನ ಹೊತ್ತಿಗೆ ಹುಟ್ಟಿ, ಗೃಹಪ್ರವೇಶದ ಹೊತ್ತಿಗೆ ಜಗಳವಾಗಿ, ಕಡೆಯ ಕಂತು ಉಳಿದೇಹೋಗುತ್ತದೆ. ಕೊನೆಯ ಕಂತಿನಲ್ಲಿಯೇ ಗುತ್ತಿಗೆದಾರನ ಲಾಭವೆಲ್ಲ ಅಡಗಿರುವುದರಿಂದ, ಖಾಸಗಿ ಮನೆಯಲ್ಲಿ ಮುಳುಗಿದವರ ಕಥೆ ಸರ್ಕಾರಿ ಬಿಲ್ಲಿನಲ್ಲಿ ಮುಳುಗಿದವರ ಕಥೆಗಿಂತ ಬೇರೆಯಲ್ಲ. ಇದಕ್ಕೆ ಮದ್ದು ಎರಡು ಪುಟದ ಕರಾರುಪತ್ರ: ಏನೇನು ಸೇರಿದೆ, ಏನೇನು ಸೇರಿಲ್ಲ, ಪಾಯ, ಲಿಂಟಲ್, ತಾರಸಿ, ಗಿಲಾವು, ನೆಲ ಎಂಬ ಹಂತಗಳಲ್ಲಿ ಪ್ರತಿ ಹಂತಕ್ಕೂ ಮುಂಚೆ ಎಷ್ಟು ಹಣ ಬರಬೇಕು, ಬದಲಾವಣೆಗೆ ದರವೇನು ಎಂಬುದನ್ನು ಕನ್ನಡದಲ್ಲಿ ಬರೆದು ಇಬ್ಬರೂ ರುಜು ಮಾಡಿದರೆ ಸಾಕು. ಪರಿಚಯಸ್ಥರ ನಡುವೆ ಬರಹ ಕೇಳುವುದು ಅವಿಶ್ವಾಸವೆಂಬ ಸಂಕೋಚವನ್ನು ಈ ಉದ್ಯಮ ಬಿಡಬೇಕು.

ಈಗ ಮನೆಯ ಮಾಲೀಕನ ಕಾಗದಗಳೂ ಗುತ್ತಿಗೆದಾರನ ಕಾಳಜಿಯಾಗಿವೆ. 2024ರ ಡಿಸೆಂಬರ್ 17ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತುಹೋಗಿ, ಮುಂದೆ 1,200 ಚದರ ಅಡಿಯೊಳಗಿನ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಡುವವರೆಗೆ ಅನೇಕ ಮನೆಗಳು ಕತ್ತಲಲ್ಲಿ ಉಳಿದವು. ಈ ಪತ್ರವು ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಆಗಿದೆಯೆಂದು ಸ್ಥಳೀಯ ಸಂಸ್ಥೆ ಕೊಡುವ ದೃಢೀಕರಣ. ನಕ್ಷೆ ಮೀರಿ ಒಂದು ಕೋಣೆ ಮುಂದಕ್ಕೆ ಚಾಚಿದರೆ ಬರುವ ತೊಂದರೆಯಲ್ಲಿ ಕಟ್ಟಿದವನ ಹೆಸರೂ ಕೆಡುತ್ತದೆಯಾದ್ದರಿಂದ, ಪಾಯ ಹಾಕುವ ಮುನ್ನ ನಕ್ಷೆ ಮತ್ತು ಇ-ಖಾತೆ ನೋಡುವುದು ಮೇಸ್ತ್ರಿಯ ಕೆಲಸದ ಭಾಗವೇ ಆಗಬೇಕು.

ಸಾಮಗ್ರಿಗಳ ವಿಷಯದಲ್ಲಿ ಹೊಳೆಮರಳಿನ ಕಾಲ ಮುಗಿಯಿತೆಂದೇ ತಿಳಿಯಬೇಕು. ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು ತೆಗೆದ ಎಂ-ಸ್ಯಾಂಡನ್ನು ಭಾರತೀಯ ಮಾನಕ 383ರ 2016ರ ಪರಿಷ್ಕರಣೆ ಒಪ್ಪಿಕೊಂಡಿದೆ. ಆದರೆ ಕ್ರಷರಿನಲ್ಲಿ ಉಳಿಯುವ ಡಸ್ಟು ಎಂ-ಸ್ಯಾಂಡ್ ಅಲ್ಲ. ನುಣ್ಣನೆಯ ಪುಡಿ ಹೆಚ್ಚಿದ್ದರೆ ಕಾಂಕ್ರೀಟು ಹೆಚ್ಚು ನೀರು ಕುಡಿಯುತ್ತದೆ, ಮೇಸ್ತ್ರಿ ನೀರು ಸುರಿಯುತ್ತಾನೆ, ಬಲ ಇಳಿಯುತ್ತದೆ, ಗಿಲಾವು ಬಿರುಕು ಬಿಡುತ್ತದೆ. ಎಂ-ಸ್ಯಾಂಡಿನ ಬದಲು ಡಸ್ಟು ಬಳಸಿದ್ದರ ಉಳಿತಾಯ ಒಂದು ಬಿರುಕಿನ ದುರಸ್ತಿಗೂ ಸಾಲುವುದಿಲ್ಲ. ಮಳೆ ಕಡಿಮೆಯಾದ, ಬಿಸಿಲು ಹೆಚ್ಚಾದ ಈ ಸೀಮೆಯಲ್ಲಿ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ನೀರಿನಿಂದ ತೇವವಾಗಿರಿಸುವುದು, ಇನ್ನೂ ದೊಡ್ಡ ಪ್ರಶ್ನೆ. ಬಿಸಿಯ ಒಣ ಹವೆಯಲ್ಲಿ ಸಾಮಾನ್ಯ ಸಿಮೆಂಟಿಗೆ ಹತ್ತು ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಹದಿನಾಲ್ಕು ದಿನ ಕ್ಯೂರಿಂಗ್ ಬೇಕೆಂದು ಮಾನಕ 456 ಹೇಳುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಸಿಮೆಂಟು ಬಹುಪಾಲು ಹಾರುಬೂದಿಯದೋ ಕಬ್ಬಿಣದ ಕಿಟ್ಟದ್ದೋ ಆಗಿರುವಾಗ, ಏಳು ದಿನಕ್ಕೆ ಒದ್ದೆ ಗೋಣಿಚೀಲ ತೆಗೆಯುವ ಹಳೆಯ ರೂಢಿ ಕಟ್ಟಡಕ್ಕೆ ಬಗೆದ ದ್ರೋಹವಾಗುತ್ತದೆ. ಕೊಳವೆಬಾವಿಯ ನೀರಿನ ಲವಣಾಂಶವನ್ನು ಪರೀಕ್ಷಿಸದೆ ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸುವುದೂ ನಿಲ್ಲಬೇಕು. ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂಬುದು ಅದೇ ಮಾನಕದ ಮಿತಿ. ಚಿತ್ರದುರ್ಗದ ಎಸ್.ಜೆ.ಎಂ. ತಾಂತ್ರಿಕ ವಿದ್ಯಾಲಯದಂಥ ಎಂಜಿನಿಯರಿಂಗ್ ಕಾಲೇಜಿನೊಂದಿಗೆ ಒಪ್ಪಂದ ಮಾಡಿಕೊಂಡು ಮರಳು, ನೀರು, ಕಾಂಕ್ರೀಟ್ ಘನಗಳ ಪರೀಕ್ಷೆಗೆ ನಾಲ್ಕೂ ತಾಲ್ಲೂಕಿನವರು ಒಟ್ಟಾಗಿ ವ್ಯವಸ್ಥೆ ಮಾಡಿಕೊಳ್ಳುವುದು ಕಷ್ಟವೇನಲ್ಲ.

ಕೆಲಸಗಾರರ ಕೊರತೆಯ ಬಗ್ಗೆ ದೂರು ಎಲ್ಲೆಡೆ ಇದೆ. ಅಡಿಕೆ ಕೊಯ್ಲು, ಸುಲಿತದ ತಿಂಗಳುಗಳಲ್ಲಿ ಕೂಲಿಯಾಳು ತೋಟಕ್ಕೆ ಹೋಗುತ್ತಾನೆ, ಪಳಗಿದ ಗಾರೆಯವನು ಬೆಂಗಳೂರಿಗೆ ಹೋಗುತ್ತಾನೆ. ಆದರೆ ವರ್ಷಗಟ್ಟಲೆ ಬಾಂಡಲಿ ಹೊತ್ತ ಹೆಣ್ಣುಮಕ್ಕಳ ಕೈಗೆ ಕರಣೆ ಕೊಡಲು ಯೋಚಿಸದವರು ಗಾರೆಯವರಿಲ್ಲವೆಂದು ದೂರುವುದರಲ್ಲಿ ಅರ್ಧ ಸತ್ಯವಷ್ಟೇ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ಹೋಗುತ್ತದೆ. ವರ್ಷದಲ್ಲಿ 90 ದಿನ ದುಡಿದವರು ಆ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಆ ದುಡಿಮೆಯ ದೃಢೀಕರಣ ಪತ್ರಕ್ಕೆ ರುಜು ಹಾಕಲು ಹಿಂಜರಿಯುವ ಗುತ್ತಿಗೆದಾರನ ಬಳಿ ಆಳು ನಿಲ್ಲದಿರುವುದು ಸಹಜವೇ ಆಗಿದೆ.

ಉಳಿದಿರುವುದು ದೊಡ್ಡ ಯೋಜನೆಗಳಲ್ಲಿ ಸ್ಥಳೀಯರ ಪಾಲಿನ ಪ್ರಶ್ನೆ. ಸುರಂಗ, ಮೇಲ್ಗಾಲುವೆ, ರೈಲ್ವೆ ಸೇತುವೆಗಳಿಗೆ ಬೇಕಾದ ವಾರ್ಷಿಕ ವಹಿವಾಟು ಮತ್ತು ಅನುಭವದ ಅರ್ಹತೆ ಇಲ್ಲಿನ ಯಾರಿಗೂ ಒಂಟಿಯಾಗಿ ಇಲ್ಲದಿರುವುದರಿಂದ, ಹೊರಗಿನ ಕಂಪನಿಗಳ ಕೈಕೆಳಗೆ ಬರಹವಿಲ್ಲದ ತುಂಡುಗುತ್ತಿಗೆ ಹಿಡಿಯುವುದೇ ರೂಢಿಯಾಗಿದೆ. ಅಲ್ಲಿ ಅಳತೆ ಪುಸ್ತಕದಲ್ಲಿ ಹೆಸರೂ ಇರುವುದಿಲ್ಲ, ಮುಂದಿನ ಟೆಂಡರಿಗೆ ಅನುಭವ ಪತ್ರವೂ ಸಿಗುವುದಿಲ್ಲ. ಮೂರು ನಾಲ್ಕು ಸಂಸ್ಥೆಗಳು ನೋಂದಾಯಿತ ಪಾಲುದಾರಿಕೆ ಮಾಡಿಕೊಂಡು, ಒಬ್ಬರ ಯಂತ್ರ, ಇನ್ನೊಬ್ಬರ ವಹಿವಾಟು, ಮತ್ತೊಬ್ಬರ ಎಂಜಿನಿಯರುಗಳನ್ನು ಒಂದೇ ಅರ್ಜಿಯಲ್ಲಿ ತೋರಿಸುವುದು ಇದಕ್ಕಿರುವ ದಾರಿ. ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಕಾಮಗಾರಿ ಮೀಸಲಾತಿಯ ಮಿತಿ 50 ಲಕ್ಷ ರೂಪಾಯಿಯಿಂದ 1 ಕೋಟಿಗೆ 2023ರಲ್ಲಿ ಏರಿದ್ದು ಭೋವಿ ಹಾಗೂ ಇತರ ಸಮುದಾಯಗಳ ಕಸುಬುದಾರರಿಗೆ ಬಾಗಿಲು ತೆರೆದಿದೆಯಾದರೂ, ಅವರ ಹೆಸರಿನಲ್ಲಿ ಬೇರೆಯವರು ಕೆಲಸ ಮಾಡಿಸುವ ಪರಿಪಾಠವಿದ್ದಲ್ಲಿ ಆ ಬಾಗಿಲು ತೆರೆದೂ ಮುಚ್ಚಿದಂತೆಯೇ. ಭದ್ರಾ ಮೇಲ್ದಂಡೆಯ ಮುಖ್ಯ ಕಾಲುವೆಗಳು ಮುಗಿದ ಮೇಲೆ ಬರುವ ಕೆಲಸ ಕೆರೆಗಳ ಕೋಡಿ, ತೂಬು, ಏರಿಗಳ ದುರಸ್ತಿ ಮತ್ತು ಹೊಲಗಳವರೆಗಿನ ಕೊಳವೆ ಜೋಡಣೆಯಂಥ ಸಣ್ಣ ಕೆಲಸಗಳದ್ದೇ ಆಗಿರುತ್ತದೆ. ಆ ಟೆಂಡರುಗಳು ಕೇಳುವುದು ಮೂರು ವರ್ಷಗಳ ಲೆಕ್ಕಪರಿಶೋಧಿತ ವಹಿವಾಟು, ತೆರಿಗೆ ವಿವರಗಳು ಹಾಗೂ ಮುಗಿಸಿದ ಕೆಲಸದ ದೃಢೀಕರಣ. ಆದ್ದರಿಂದ ಈ ದಾಖಲೆಗಳ ಕಡತವನ್ನು ಈ ಆರ್ಥಿಕ ವರ್ಷದಿಂದಲೇ ಕಟ್ಟಲು ತೊಡಗಬೇಕೆಂಬುದನ್ನು ಸಮಾವೇಶದ ಮೊದಲ ನಿರ್ಣಯವಾಗಿ ಅಂಗೀಕರಿಸಬೇಕೆಂದು ಅಧ್ಯಕ್ಷಪೀಠವು ಸಭೆಯ ಮುಂದಿಡುತ್ತದೆ.